ಆಟಕ್ಕೆ ಬೀದಿಯಿಲ್ಲ, ತಿನ್ನಲು ಅಂಗಡಿಯುಂಟು

ಹನ್ನೊಂದು ಹನ್ನೆರಡರ ಹುಡುಗನ ಕತ್ತಿನ ಹಿಂಭಾಗ ಕಪ್ಪಾಗಿದೆ. ಅಮ್ಮ ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದಾರೆ, ನಿಂಬೆಹೋಳು ಉಜ್ಜಿದ್ದಾರೆ, ‘ಸರಿಯಾಗಿ ಸ್ನಾನ ಮಾಡೋದೇ ಇಲ್ಲ ನೀನು’ ಎಂದು ಬೈದೂ ಆಗಿದೆ. ಕಪ್ಪು ಜಗ್ಗಿಲ್ಲ. ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದರೆ ಅವರು ಮುಲಾಮು ಬರೆಯುವ ಮೊದಲು ಹುಡುಗನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಸೊಂಟಕ್ಕೆ ಟೇಪು ಹಿಡಿದು, ಮನೆಯಲ್ಲಿ ಯಾರಿಗೆಲ್ಲ ಶುಗರ್ ಇದೆ ಎಂದು ಕೇಳುತ್ತಾರೆ. ಅದು ಕೊಳೆಯಲ್ಲ. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಹೀಗೆ ಹೆಚ್ಚಾದ ಇನ್ಸುಲಿನ್ನಿನಿಂದ ಕತ್ತು, ಕಂಕುಳಿನ ಚರ್ಮ ದಪ್ಪಗಾಗಿ ಕಪ್ಪಿಡುತ್ತದೆ. ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಬರಬಹುದಾದ ಸಕ್ಕರೆ ಕಾಯಿಲೆ ಆರನೇ ಕ್ಲಾಸಿನಲ್ಲೇ ಹೇಳಿಕಳಿಸಿದೆ.

ಮಕ್ಕಳ ಬೊಜ್ಜು ಎಂದೊಡನೆ ಅದನ್ನು ಪಟ್ಟಣದ ಕಾಯಿಲೆ ಎಂದು ಬಗೆದು ಸುಮ್ಮನಾಗುವುದು ನಮ್ಮ ರೂಢಿ. ಪಿಜ್ಜಾ, ಬರ್ಗರ್, ಮೊಬೈಲು ಎಂದು ಮೂರು ಹೆಸರು ಹೇಳಿದರೆ ವಿಚಾರಣೆ ಮುಗಿಯಿತು. ಅಮ್ಮ ಕೆಲಸಕ್ಕೆ ಹೋಗುವುದನ್ನೂ ಆ ಪಟ್ಟಿಗೆ ಸೇರಿಸುವವರಿಗೆ ಕಡಿಮೆಯಿಲ್ಲ. ಅಪ್ಪ ಕೆಲಸಕ್ಕೆ ಹೋಗುವುದು ಮಾತ್ರ ಯಾಕೋ ಯಾರ ಪಟ್ಟಿಯಲ್ಲೂ ಕಾಣುವುದಿಲ್ಲ. ಮಗುವಿನ ತೂಕದ ಬಹುಪಾಲು ತೀರ್ಮಾನ ಅಡುಗೆಮನೆಗೆ ಬರುವ ಮುಂಚೆಯೇ ಆಗಿರುತ್ತದೆ. ಮನೆಮುಂದಿನ ರಸ್ತೆ ಎಂಥದ್ದು, ಶಾಲೆ ಎಷ್ಟು ದೂರ, ವ್ಯಾನ್ ಎಷ್ಟು ಗಂಟೆಗೆ ಬರುತ್ತದೆ, ಮೂಲೆಯಂಗಡಿಯಲ್ಲಿ ಹತ್ತು ರೂಪಾಯಿಗೆ ಏನು ಸಿಗುತ್ತದೆ ಎಂಬಲ್ಲಿ ಆ ತೀರ್ಮಾನ ಆಗಿಹೋಗಿರುತ್ತದೆ. ನಗರ ಮಕ್ಕಳಿಂದ ಏನನ್ನು ಕಿತ್ತುಕೊಂಡಿತು, ಬದಲಿಗೆ ಏನು ಕೊಟ್ಟಿತು ಎಂಬ ಲೆಕ್ಕ ಅದು.

ಮೊದಲು ಅಂಕಿಸಂಖ್ಯೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ 5ರಿಂದ 19ರ ವಯಸ್ಸಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು. 2022ರ ಹೊತ್ತಿಗೆ ಸುಮಾರು 1.25 ಕೋಟಿ. 2025ರಲ್ಲಿ ಯುನಿಸೆಫ್ ಇನ್ನೊಂದು ಸುದ್ದಿ ಕೊಟ್ಟಿತು: ಜಗತ್ತಿನಲ್ಲಿ ಶಾಲಾ ವಯಸ್ಸಿನ ಮಕ್ಕಳ ಪೈಕಿ ತೂಕ ಕಡಿಮೆಯಿರುವವರಿಗಿಂತ ಬೊಜ್ಜು ಇರುವವರೇ ಮೊದಲ ಬಾರಿಗೆ ಹೆಚ್ಚಾಗಿದ್ದಾರೆ. ಶೇ 9.2ಕ್ಕೆ ಎದುರಾಗಿ ಶೇ 9.4.

ಭಾರತ ಇನ್ನೂ ಆ ಗೆರೆ ದಾಟಿಲ್ಲ. 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19ರ ವಯಸ್ಸಿನವರಲ್ಲಿ ಶೇ 24ರಷ್ಟು ಮಂದಿ ತೀರ ಸಣಕಲು, ಶೇ 5ರಷ್ಟು ಮಂದಿಗೆ ಅತಿತೂಕ. ಐದೇ ಅಲ್ಲವೇ ಎಂದು ಉಸಿರುಬಿಡುವ ಮುನ್ನ ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಬೇಕು: ರಕ್ತ ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಒಬ್ಬ ಹದಿಹರೆಯದ ಹುಡುಗ ಅಥವಾ ಹುಡುಗಿಯ ಸಕ್ಕರೆ ಅಂಶ ಮಧುಮೇಹದ ಹೊಸ್ತಿಲಿನಲ್ಲಿತ್ತು. ತೂಕ ಹೆಚ್ಚಿದ್ದವರ ಎರಡರಷ್ಟು ಜನ. ತಕ್ಕಡಿ ಹಿಡಿಯಲಾಗದ್ದು ಏನೋ ಮಕ್ಕಳ ಮೈಯಲ್ಲಿ ನಡೆಯುತ್ತಿದೆ ಎಂದಾಯಿತು.

ಅದೇನೆಂದು ತಿಳಿಯಲು ಪುಣೆಗೂ ಮೈಸೂರಿಗೂ ಹೋಗಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಬಸುರಿಯರನ್ನೂ ಅವರ ಕೂಸುಗಳನ್ನೂ ಅಳೆದರು. ಕೂಸುಗಳ ಸರಾಸರಿ ತೂಕ 2.7 ಕೆ.ಜಿ.; ಇಂಗ್ಲೆಂಡಿನ ಸೌತಾಂಪ್ಟನ್‌ ಕೂಸುಗಳದು 3.5 ಕೆ.ಜಿ. ಕಡಿಮೆಯಿದ್ದ ಆ 800 ಗ್ರಾಮಿನಲ್ಲಿ ಮಾಂಸಖಂಡ ಸಾಕಷ್ಟು ಹೋಗಿತ್ತು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಹೋಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ತಲೆಮಾರುಗಳ ಅರೆಹೊಟ್ಟೆಗೆ ಒಗ್ಗಿಕೊಂಡ ದೇಹ ಹುಟ್ಟುವ ಮೊದಲೇ ಕಷ್ಟಕಾಲಕ್ಕೆಂದು ಗಂಟು ಕಟ್ಟಿಟ್ಟುಕೊಂಡಿರುತ್ತದೆ ಎನ್ನುವುದು ಸಂಶೋಧಕರ ಊಹೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಸುತ್ತನ್ನು ಬರೆದಿಟ್ಟುಕೊಂಡು ಬಂದಿದೆ. ಆ ಹಳೆಯ ದಾಖಲೆಗಳನ್ನು ಹಿಡಿದು ನಡುವಯಸ್ಸಿಗೆ ಬಂದಿದ್ದವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದಾಗ, ಹುಟ್ಟಿನಲ್ಲಿ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನ ಶುರುವಾಯಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು. ಆ ಹುಡುಗಿ ಐದು ವರ್ಷದಲ್ಲಿ ಎಷ್ಟು ಚಿಪ್ಸ್ ತಿಂದಾಳು? ಅವಳಮ್ಮನ ರಕ್ತದಲ್ಲಿದ್ದ ಸಕ್ಕರೆ ಅವಳಿಗೆ ಹೊಕ್ಕುಳಬಳ್ಳಿಯಲ್ಲೇ ಬಂದಿತ್ತು. ಮಕ್ಕಳ ಬೊಜ್ಜನ್ನು ಮಕ್ಕಳ ಬಾಯಿಚಪಲ ಎಂದು ತೀರ್ಪು ಕೊಡುವವರು ಈ ಒಂದು ಅಧ್ಯಯನ ಓದಿದರೆ ಸಾಕು.

ಇಂಥ ದೇಹಕ್ಕೆ ಬೇಗ ಬೇಗ ತುರುಕುವುದು ಎಷ್ಟು ಅಪಾಯ ಎಂಬುದನ್ನು ದೆಹಲಿಯ ಅಧ್ಯಯನವೊಂದು ತೋರಿಸಿತು. ಮಕ್ಕಳ ಬೆಳವಣಿಗೆಯಲ್ಲಿ ಒಂದು ವಿಚಿತ್ರ ತಿರುವಿದೆ. ಒಂದು ವರ್ಷದ ಕೂಸು ದುಂಡಗಿರುತ್ತದೆ. ಆಮೇಲೆ ಎತ್ತರ ಹೆಚ್ಚಾಗುತ್ತ ಕೊಬ್ಬು ಕರಗುತ್ತದೆ, ಐದಾರು ವರ್ಷಕ್ಕೆ ಮಗು ತನ್ನ ಬಾಳಿನಲ್ಲೇ ಅತ್ಯಂತ ತೆಳ್ಳಗಿರುತ್ತದೆ. ಅಲ್ಲಿಂದ ಮತ್ತೆ ನಿಧಾನವಾಗಿ ಮೈ ತುಂಬಿಕೊಳ್ಳುತ್ತದೆ. ನಾಲ್ಕು ವರ್ಷದ ಮಗುವಿನ ಪಕ್ಕೆಲುಬು ಕಂಡರೆ ಬಹುತೇಕ ಅದು ಸಹಜ. ನಮ್ಮಲ್ಲಿ ಗಾಬರಿ ಶುರುವಾಗುವುದೂ ಸರಿಯಾಗಿ ಆಗಲೇ. ‘ಮಗು ಸೊರಗಿಹೋಗಿದೆ, ಏನೂ ಹಾಕ್ತಿಲ್ವಾ?’ ಎಂದು ಅಜ್ಜಿ ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ. ಟಿ.ವಿ. ಮುಂದೆ ಕೂರಿಸಿ ತುತ್ತು ತುರುಕುವುದು, ಹಾಲಿಗೆ ಡಬ್ಬಿಯ ಪುಡಿ ಬೆರೆಸುವುದು ಎಲ್ಲ ಆರಂಭವಾಗುತ್ತದೆ. ದೆಹಲಿಯಲ್ಲಿ 1969–72ರ ನಡುವೆ ಹುಟ್ಟಿದವರನ್ನು ಬಾಲ್ಯದುದ್ದಕ್ಕೂ ಅಳೆದು, ಮೂವತ್ತರ ಹತ್ತಿರ ಮತ್ತೆ ಪರೀಕ್ಷಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯೋ ಅದರ ಹೊಸ್ತಿಲೋ ಕಂಡವರು ಬಹುಪಾಲು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಎಲ್ಲರಿಗಿಂತ ಬೇಗ ಮೈ ತುಂಬಿಕೊಂಡ ಮಕ್ಕಳು. ಆದರೆ ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲೊಬ್ಬರೂ ಬೊಜ್ಜಿನ ಮಕ್ಕಳಾಗಿರಲಿಲ್ಲ.

ಇದಕ್ಕೇ ನಮ್ಮ ಮಕ್ಕಳ ವೈದ್ಯರ ಸಂಘ 2015ರ ಬೆಳವಣಿಗೆ ನಕ್ಷೆಗಳಲ್ಲಿ ಗೆರೆಯನ್ನು ಕೆಳಗಿಳಿಸಿತು. ಜಗತ್ತು ದೊಡ್ಡವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ಅತಿತೂಕ ಎಂದರೆ, ಭಾರತೀಯ ಮಕ್ಕಳ ನಕ್ಷೆ ದೊಡ್ಡವರ 23ಕ್ಕೆ ಸಮನಾದ ಗೆರೆಯನ್ನೇ ಅತಿತೂಕವೆಂದೂ 27ಕ್ಕೆ ಸಮನಾದದ್ದನ್ನು ಬೊಜ್ಜೆಂದೂ ಹಿಡಿಯುತ್ತದೆ. ಮನೆಯಲ್ಲೇ ನೋಡಿಕೊಳ್ಳಲು ಇನ್ನೂ ಸುಲಭದ ದಾರಿಯಿದೆ. ಆರು ವರ್ಷ ದಾಟಿದ ಮಗುವಿನ ಎತ್ತರದಷ್ಟು ಉದ್ದದ ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಸೊಂಟಕ್ಕೆ ಸುತ್ತಿ. ಎರಡು ತುದಿ ಸೇರದಿದ್ದರೆ ಡಾಕ್ಟರಿಗೆ ತೋರಿಸುವ ಹೊತ್ತು ಬಂದಿದೆ.

ಮೈ ಹೀಗಿದೆ, ಸರಿ. ಅದು ಬದುಕುತ್ತಿರುವ ಊರು?

ಮೂವತ್ತು ಕೆ.ಜಿ. ತೂಗುವ ಮಗು ಒಂದು ಕಿಲೋಮೀಟರ್ ನಡೆದರೆ ಅಂದಾಜು 25 ಕ್ಯಾಲೊರಿ ಖರ್ಚಾಗುತ್ತದೆ. ಎರಡು ಕಿ.ಮೀ. ದೂರದ ಶಾಲೆಗೆ ಹೋಗಿಬರಲು ನೂರು. 250 ಮಿ.ಲೀ. ತಂಪು ಪಾನೀಯದ ಬಾಟಲಿಯಲ್ಲಿ ಸುಮಾರು 27 ಗ್ರಾಂ ಸಕ್ಕರೆ, ಅಂದರೆ ಐದು ಚಮಚಕ್ಕಿಂತ ಹೆಚ್ಚು; ಅದೂ ನೂರು ಚಿಲ್ಲರೆ ಕ್ಯಾಲೊರಿ. ನಡಿಗೆ ಹೋಗಿ ವ್ಯಾನ್ ಬಂತು, ವ್ಯಾನ್ ಇಳಿದ ಕೂಡಲೇ ಬಾಟಲಿಯೂ ಬಂತು. ದಿನಕ್ಕೆ ಇನ್ನೂರರ ವ್ಯತ್ಯಾಸ. ಯಾರೂ ಹೊಟ್ಟೆಬಾಕರಾಗಬೇಕಿಲ್ಲ, ಯಾವ ಅಮ್ಮನೂ ಸೋಮಾರಿಯಾಗಬೇಕಿಲ್ಲ. ವರ್ಷಗಟ್ಟಲೆ ದಿನಾ ಇಷ್ಟೇ ಉಳಿದರೂ ಸಾಕು.

ವ್ಯಾನ್ ಯಾಕೆ ಬಂತು ಎಂದರೆ ರಸ್ತೆ ದಾಟಿಸಲು ಹೆದರಿಕೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಪಾರ್ಕ್ ಮಾಡಿದ ಸ್ಕೂಟರು, ಅಗೆದಿಟ್ಟ ಕಲ್ಲುಚಪ್ಪಡಿ. ಎಂಟು ವರ್ಷದ ಮಗುವನ್ನು ಒಂಟಿಯಾಗಿ ಕಳಿಸುವ ಧೈರ್ಯ ಯಾರಿಗಿದೆ? ಹೀಗೆ ಹೆದರಿದ ಪ್ರತಿಯೊಬ್ಬ ಅಪ್ಪನೂ ಮಗುವನ್ನು ಕಾರಿನಲ್ಲಿ ಬಿಡಲು ಹೊರಟು, ಶಾಲೆ ಗೇಟಿನ ಮುಂದಿನ ರಸ್ತೆಯನ್ನು ಇನ್ನಷ್ಟು ಹೆದರಿಕೆಯದನ್ನಾಗಿ ಮಾಡುತ್ತಾನೆ.

ಸಂಜೆಯ ಆಟದ ಕತೆಯೂ ಇದೇ. ಲಗೋರಿ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ ಎಂದು ಹಳಹಳಿಸುವ ಬರಹಗಳು ಬೇಕಾದಷ್ಟಿವೆ. ನನಗೆ ಅವುಗಳ ಬಗ್ಗೆ ಅಂಥ ಮೋಹವಿಲ್ಲ. ಗಮನಿಸಬೇಕಾದ್ದು ಬೇರೆ: ಆ ಯಾವ ಆಟಕ್ಕೂ ಮೈದಾನ ಬೇಕಿರಲಿಲ್ಲ, ಕೋಚ್ ಬೇಕಿರಲಿಲ್ಲ, ಫೀಸು ಬೇಕಿರಲಿಲ್ಲ. ಮನೆಮುಂದಿನ ಇಪ್ಪತ್ತಡಿ ರಸ್ತೆ ಸಾಕಿತ್ತು. ಆ ಇಪ್ಪತ್ತಡಿಯಲ್ಲಿ ಈಗ ಎರಡೂ ಬದಿ ಕಾರು ನಿಂತಿವೆ. ಪಾರ್ಕಿಗೆ ಹೋದರೆ ವಾಕಿಂಗ್ ಪಥ, ಹೂವಿನ ಮಡಿ, ಹಿರಿಯ ನಾಗರಿಕರ ಬೆಂಚು, ಜೊತೆಗೆ ಚೆಂಡಾಟ ನಿಷೇಧಿಸಿದೆ ಎಂಬ ಬೋರ್ಡು. ನಲವತ್ತು ದಾಟಿದವರು ಬೊಜ್ಜು ಕರಗಿಸಲು ಸುತ್ತು ಹೊಡೆಯುವ ಜಾಗಕ್ಕೆ ಹತ್ತರ ಮಕ್ಕಳಿಗೆ ಪ್ರವೇಶವಿಲ್ಲದಿರುವುದು ನಮ್ಮ ನಗರ ಯೋಜನೆಯ ದೊಡ್ಡ ತಮಾಷೆಗಳಲ್ಲೊಂದು. ಉಳಿದದ್ದು ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ ಟರ್ಫ್ ಮೈದಾನ, ತಿಂಗಳ ಫೀಸಿನ ಕ್ರಿಕೆಟ್ ಅಕಾಡೆಮಿ. ಅಲ್ಲಿಗೆ ಹೋಗುವ ಹುಡುಗ ಸರದಿಗಾಗಿ ಪ್ಯಾಡ್ ಕಟ್ಟಿಕೊಂಡು ಕೂರುವುದೇ ಹೆಚ್ಚು.

ಹುಡುಗಿಯರ ಪಾಡು ಇನ್ನೂ ಸೂಕ್ಷ್ಮ. 11ರಿಂದ 17ರ ವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವಂತೆ ಓಡಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2016ರ ಮಾಹಿತಿ ಇಟ್ಟುಕೊಂಡು ಅದೇ ಸಂಸ್ಥೆ ಲೆಕ್ಕ ಹಾಕಿದಾಗ ಜಗತ್ತಿನ ಶೇ 81ರಷ್ಟು ಮಕ್ಕಳು ಅಷ್ಟು ಮಾಡುತ್ತಿರಲಿಲ್ಲ. ಭಾರತದಲ್ಲಿ ಶೇ 74ರ ಸುಮಾರು. ನಾವು ಸ್ವಲ್ಪ ಮೇಲು. ಅದಕ್ಕೆ ಸಂಶೋಧಕರು ಕೊಟ್ಟ ಕಾರಣ ಓದುವಂತಿದೆ: ಹುಡುಗರು ಗಲ್ಲಿ ಕ್ರಿಕೆಟ್ ಆಡುತ್ತಾರೆ, ಹುಡುಗಿಯರು ಮನೆಗೆಲಸ ಮಾಡುತ್ತಾರೆ. ಅಂದರೆ ನಮ್ಮ ಹೆಣ್ಣುಮಕ್ಕಳ ವ್ಯಾಯಾಮ ಎಂದರೆ ನೀರು ಹೊರುವುದು, ಕಸ ಗುಡಿಸುವುದು, ಬಟ್ಟೆ ಒಗೆಯುವುದು. ಊರು ಬಿಟ್ಟು ಪಟ್ಟಣಕ್ಕೆ ಬಂದಾಗ ನಲ್ಲಿಯಲ್ಲಿ ನೀರು ಬಂತು, ವಾಷಿಂಗ್ ಮೆಷಿನ್ ಬಂತು, ಒಳ್ಳೆಯದೇ ಆಯಿತು. ಆ ಚಾಕರಿಯ ಜಾಗಕ್ಕೆ ಆಟ ಬರಬೇಕಿತ್ತು. ಬರಲಿಲ್ಲ. ಮೈನೆರೆದ ಮೇಲೆ ಹುಡುಗಿ ಬೀದಿಯಲ್ಲಿ ಓಡುವುದು ಹಳ್ಳಿಯಲ್ಲೂ ಇಲ್ಲ, ಬೆಂಗಳೂರಿನ ಬಡಾವಣೆಯಲ್ಲೂ ಇಲ್ಲ. ಎಂಟನೇ ಕ್ಲಾಸಿಗೆ ಬಂದ ಹುಡುಗಿಯ ಮುಟ್ಟು ತಿಂಗಳುಗಟ್ಟಲೆ ತಪ್ಪಿ, ಪಿಸಿಒಡಿ ಎಂಬ ಅಂಡಾಶಯದ ತೊಂದರೆಯ ಹೆಸರು ಮನೆಯಲ್ಲಿ ಓಡಾಡಲು ಶುರುವಾದಾಗ ಗುಳಿಗೆ ಕೇಳುತ್ತೇವೆ. ಡಾಕ್ಟರು ಮೊದಲು ಹೇಳುವ ಔಷಧಿಯೋ, ಓಡಾಟ.

ನಿದ್ದೆಯನ್ನೂ ನಗರ ಕದ್ದಿದೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳಬಾರದೆಂದು ಶಾಲೆಯ ವ್ಯಾನ್ ಆರೂವರೆ ಏಳಕ್ಕೇ ಬರುತ್ತದೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್, ಆಮೇಲೆ ಮೊಬೈಲು. ನಿದ್ದೆ ಕಡಿಮೆಯಾದಾಗ ಹಸಿವು ಹುಟ್ಟಿಸುವ ಹಾರ್ಮೋನು ಏರಿ, ಸಾಕೆನ್ನಿಸುವ ಹಾರ್ಮೋನು ಇಳಿಯುತ್ತದೆ. ನಿದ್ದೆಗೆಟ್ಟ ಹುಡುಗನಿಗೆ ಮುದ್ದೆ, ಸೊಪ್ಪಿನ ಸಾರು ಬೇಡ. ಕರಿದದ್ದು, ಸಿಹಿ ಬೇಕು. ಅದಕ್ಕೆ ಅವನ ಮನೋಬಲವನ್ನು ದೂರಿ ಏನು ಪ್ರಯೋಜನ?

ಇಷ್ಟನ್ನು ಓದಿದವರು ಪಟ್ಟಣವೇ ಖಳನಾಯಕ ಎಂದುಕೊಂಡಾರು. ಎರಡು ಜಾಗಗಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಜಪಾನಿನಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ನಗರವಾಸಿಗಳು. ಟೋಕಿಯೊ ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದು. ಆದರೂ ಸಿರಿವಂತ ದೇಶಗಳಲ್ಲಿ ಮಕ್ಕಳ ಬೊಜ್ಜು ಅತ್ಯಂತ ಕಡಿಮೆಯಿರುವ ಸಾಲಿನಲ್ಲಿ ಜಪಾನ್ ನಿಲ್ಲುತ್ತದೆ. ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಗುಂಪುಕಟ್ಟಿಕೊಂಡು ನಡೆದೇ ಶಾಲೆಗೆ ಹೋಗುತ್ತಾರೆ. 1954ರಿಂದ ಶಾಲಾ ಊಟಕ್ಕೊಂದು ಕಾನೂನಿದೆ, ಮಕ್ಕಳೇ ಬಡಿಸಿ ತರಗತಿಯಲ್ಲೇ ಕೂತು ಉಣ್ಣುತ್ತಾರೆ. 2005ರಲ್ಲಿ ಆಹಾರದ ತಿಳಿವಳಿಕೆಯನ್ನು ಕಲಿಸಲೆಂದೇ ಇನ್ನೊಂದು ಕಾನೂನು ಬಂತು. ಇನ್ನೊಂದು ತುದಿಯಲ್ಲಿ ಪೆಸಿಫಿಕ್ ಸಾಗರದ ನಿಯುವೆ ಎಂಬ ದ್ವೀಪ. ಜನಸಂಖ್ಯೆ ಎರಡು ಸಾವಿರವೂ ಇಲ್ಲ, ನಗರ ಎಂಬುದೇ ಇಲ್ಲ. ಅಲ್ಲಿ ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 38ರಷ್ಟು ಮಂದಿಗೆ ಬೊಜ್ಜು. ಹಡಗಿನಲ್ಲಿ ಬರುವ ಡಬ್ಬಿ, ಪೊಟ್ಟಣಗಳ ಆಹಾರ ಅಲ್ಲಿನ ಗೆಡ್ಡೆ, ಮೀನುಗಳ ಜಾಗ ಹಿಡಿದಿದೆ.

ಅಷ್ಟು ದೂರವೇಕೆ, ನಮ್ಮ ಹಳ್ಳಿಗಳಿಗೇ ಬರೋಣ. 1990ರಿಂದ 2020ರವರೆಗೆ 200 ದೇಶ-ಪ್ರಾಂತ್ಯಗಳ 7.1 ಕೋಟಿ ಮಕ್ಕಳ ಅಳತೆಗಳನ್ನು ಒಟ್ಟುಮಾಡಿದ ಅಧ್ಯಯನವೊಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪಟ್ಟಣದ ಮಕ್ಕಳು ಹಳ್ಳಿಯ ಮಕ್ಕಳಿಗಿಂತ ಎತ್ತರ ಎಂಬ ಹಳೆಯ ಮಾತು ಬಹುತೇಕ ಕಡೆ ಸವೆಯುತ್ತಿದೆ. ತೂಕದಲ್ಲೋ, ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಪಟ್ಟಣ ಮತ್ತು ಹಳ್ಳಿಯ ಬಿಎಂಐ ಅಂತರ 1.1ರ ಒಳಗೇ ಇತ್ತು. ನಾಲ್ಕೂವರೆ ಅಡಿ ಎತ್ತರದ ಮಗುವಿಗೆ ಅದು ಎರಡು ಕೆ.ಜಿ.ಯ ಆಸುಪಾಸು. ಬೇರೆ ಹೆಚ್ಚಿನ ಕಡೆಗಳಲ್ಲಿ ಪಟ್ಟಣದ ಏರಿಕೆ ತುಸು ಮುಂದಿದ್ದರೆ, ದಕ್ಷಿಣ ಏಷ್ಯಾದಲ್ಲಿ ಹಾಗಿರಲಿಲ್ಲ. ಹಳ್ಳಿ ಹಿಂದೆ ಬೀಳಲಿಲ್ಲ.

ಯಾಕೆಂದು ತಿಳಿಯಲು ದೊಡ್ಡ ಸಂಶೋಧನೆ ಬೇಕಿಲ್ಲ, ಯಾವುದಾದರೂ ತಾಲ್ಲೂಕಿನ ಬಸ್ಸು ಹಿಡಿದು ಕೊನೆಯ ಸ್ಟಾಪಿನಲ್ಲಿ ಇಳಿದರೆ ಸಾಕು. ಅಲ್ಲಿನ ಗೂಡಂಗಡಿಯ ಮುಂದೆ ತಳತಳ ಹೊಳೆಯುವ ಪೊಟ್ಟಣಗಳ ಸರ ನೇತಾಡುತ್ತಿರುತ್ತದೆ: ಐದು ರೂಪಾಯಿಯ ಚಿಪ್ಸು, ಕುರುಕಲು, ಕ್ರೀಮ್ ಬಿಸ್ಕತ್ತು. ನೂರು ಗ್ರಾಂ ಚಿಪ್ಸಿನಲ್ಲಿ 550ರ ಹತ್ತಿರ, ಬಿಸ್ಕತ್ತಿನಲ್ಲಿ 450ರ ಹತ್ತಿರ ಕ್ಯಾಲೊರಿ. ಬಾಳೆಹಣ್ಣು ಮೂರು ದಿನಕ್ಕೆ ಕಪ್ಪಾಗುತ್ತದೆ, ಪೊಟ್ಟಣ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಂಗಡಿಯವನು ಯಾವುದನ್ನು ಇಡುತ್ತಾನೆ? ಬೆಳಿಗ್ಗೆ ಹಳದಿ ಬಸ್ಸು ಬಂದು ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಒಯ್ಯುತ್ತದೆ. ಎದುರಿಗೇ ಇರುವ ಸರ್ಕಾರಿ ಶಾಲೆಗೆ ದೊಡ್ಡ ಬಯಲಿದೆ, ಹುಣಸೆಮರವಿದೆ, ಆಡುವ ಮಕ್ಕಳೇ ಕಡಿಮೆ. 2006–07ರಲ್ಲಿ ಶುರುವಾದ ಎಂಟನೇ ತರಗತಿಯವರ ಉಚಿತ ಬೈಸಿಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋಯಿತು. ನಗರದ ತಿಂಡಿ ಮತ್ತು ನಗರದ ಕೂರುವಿಕೆ ಎರಡೂ ಹಳ್ಳಿಗೆ ತಲುಪಿವೆ. ಮಕ್ಕಳ ಡಾಕ್ಟರು, ಈಜುಕೊಳ, ತರಕಾರಿ ಅಂಗಡಿ ತಲುಪಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಶೇ 39ರಷ್ಟು ಜನ ನಗರವಾಸಿಗಳು ಎಂದಿತ್ತು. ತಿಂಡಿಯ ಲೆಕ್ಕದಲ್ಲಿ ನೋಡಿದರೆ ನಗರ ಅದಕ್ಕಿಂತ ಬಹಳ ದೊಡ್ಡದು.

ಸದ್ಯಕ್ಕೆ ನಮ್ಮಲ್ಲಿ ಉಳ್ಳವರ ಮನೆಯಲ್ಲೇ ಬೊಜ್ಜು ಹೆಚ್ಚು. ಹಾಗೇ ಇರುತ್ತದೆ ಎಂಬ ಭರವಸೆ ಬೇಡ. ಇಂಗ್ಲೆಂಡಿನಲ್ಲಿ ಅತಿ ಬಡ ಪ್ರದೇಶಗಳ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಸಿರಿವಂತ ಪ್ರದೇಶಗಳ ಎರಡರಷ್ಟು. ದೇಶ ಸ್ವಲ್ಪ ಸಿರಿವಂತವಾದಂತೆ ಹಣ್ಣು, ಈಜು, ಜಿಮ್ಮು ಉಳ್ಳವರ ಪಾಲಾಗಿ, ಅಗ್ಗದ ಕ್ಯಾಲೊರಿ ಬಡವರ ಪಾಲಾಗುತ್ತದೆ. ಬೆಂಗಳೂರಿನ ಕೊಳೆಗೇರಿಯ ಮನೆಗಳಲ್ಲಿ ಈ ತಿರುವು ಆಗಲೇ ಕಾಣುತ್ತದೆ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟರೆ ಮಗುವಿನ ಕೈಗೆ ಹತ್ತು ರೂಪಾಯಿ ಬರುತ್ತದೆ. ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ರಕ್ತಹೀನತೆಯಿದೆ, ಹೊಟ್ಟೆ ಮಾತ್ರ ಮುಂದಿದೆ. ಈ ಮಗುವನ್ನು ಅಪೌಷ್ಟಿಕತೆಯ ಪಟ್ಟಿಗೆ ಸೇರಿಸಬೇಕೋ ಬೊಜ್ಜಿನ ಪಟ್ಟಿಗೋ?

ಅದೇ ಕಾರಣಕ್ಕೆ ಬೊಜ್ಜಿನ ನೆಪ ಹೇಳಿ ಮಕ್ಕಳ ತಟ್ಟೆಗೆ ಕೈಹಾಕುವುದು ತಪ್ಪು. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯ, 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್, ಈಗ ವಾರಕ್ಕೆ ಆರು ದಿನ ಮೊಟ್ಟೆ ಇವೆಲ್ಲ ಸರ್ಕಾರಿ ಶಾಲೆಯ ಮಗುವಿಗೆ ಪ್ರೋಟೀನು ತಲುಪಿಸುವ ದಾರಿಗಳು. ಅನ್ನ, ಬೇಳೆ, ಮೊಟ್ಟೆಯಿಂದ ಹೊಟ್ಟೆ ತುಂಬಿದ ಮಗುವಿಗೆ ಪೊಟ್ಟಣದ ಆಸೆಯೂ ಕಡಿಮೆ. ಮೊಟ್ಟೆ ಕೊಡಬಾರದು ಎಂದು ಪ್ರತಿ ವರ್ಷ ಗದ್ದಲ ಎಬ್ಬಿಸುವವರು ಖಾಸಗಿ ಶಾಲೆಯ ಕ್ಯಾಂಟೀನಿನ ಪಫ್ಸ್ ಬಗ್ಗೆ ಎಂದಾದರೂ ಬಾಯಿಬಿಟ್ಟದ್ದುಂಟೆ?

ಕಾನೂನು ಇಲ್ಲವೆಂದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಆವರಣದಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ಐವತ್ತು ಮೀಟರ್ ಯಾವ ಧೈರ್ಯದ ಮೇಲೆ ಇಟ್ಟರೋ ಕಾಣೆ. ಆರನೇ ಕ್ಲಾಸಿನ ಹುಡುಗ ದಿನದಲ್ಲಿ ಒಮ್ಮೆಯಾದರೂ ಓಡುವುದು ಆ ಐವತ್ತು ಮೀಟರನ್ನೇ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ಹಾಕಲು ಹೇಳಿತು: ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ಕಾಣುವಂತೆ. ಒಳ್ಳೆಯದೇ. ಚಿಲಿ ದೇಶ 2016ರಲ್ಲಿ ಆ ಫಲಕವನ್ನು ಗೋಡೆಯ ಮೇಲೆ ಬಿಡದೆ ಪೊಟ್ಟಣದ ಮೇಲೇ ಅಂಟಿಸಿತು. ಸಕ್ಕರೆ ಹೆಚ್ಚಿದ್ದರೆ ಎದುರಿಗೇ ಕಪ್ಪು ಅಷ್ಟಕೋನ, ಮಕ್ಕಳನ್ನು ಸೆಳೆಯುವ ಕಾರ್ಟೂನು ಬೊಂಬೆಗೆ ನಿಷೇಧ. ಇಲ್ಲಿ ಅಂಥ ಎಚ್ಚರಿಕೆಯ ಮಾತು ವರ್ಷಗಳಿಂದ ಸಮಿತಿಗಳಲ್ಲೇ ತಿರುಗುತ್ತಿದೆ.

ತೆರಿಗೆಯಲ್ಲೂ ಒಂದು ಕೈ ಕಟ್ಟುವುದು, ಇನ್ನೊಂದು ಕೈ ಬಿಚ್ಚುವುದು. 2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರಗಳು ಬಂದಾಗ ಸಕ್ಕರೆ ಹಾಕಿದ ಗ್ಯಾಸ್ ಪಾನೀಯಗಳಿಗೆ ಶೇ 40 ಬಿತ್ತು. ಅದೇ ದಿನ ಬಿಸ್ಕತ್ತು, ಚಾಕೊಲೇಟು, ನೂಡಲ್ಸ್, ನಮಕೀನು ಶೇ 5ಕ್ಕೆ ಇಳಿದವು. ಬೈಸಿಕಲ್ಲೂ ಅದೇ ಶೇ 5ಕ್ಕೆ ಇಳಿಯಿತು ಎಂಬುದನ್ನೂ ಹೇಳಿಬಿಡಬೇಕು. ಅದನ್ನು ಓಡಿಸುವ ರಸ್ತೆ ಎಲ್ಲಿದೆ ಎಂಬುದು ಹಣಕಾಸು ಇಲಾಖೆಯ ಪ್ರಶ್ನೆಯಲ್ಲ.

ಇಷ್ಟರ ನಡುವೆ ಮನೆಯವರು ಮಾಡಬಾರದ್ದು ಒಂದಿದೆ: ಮಗುವನ್ನು ಡುಮ್ಮ, ಆನೆಮರಿ ಎಂದು ಕರೆಯುವುದು, ನೆಂಟರ ಮುಂದೆ ತಟ್ಟೆ ಕಿತ್ತುಕೊಳ್ಳುವುದು. ಅವಮಾನವಾದ ಮಗು ಕದ್ದು ತಿನ್ನುತ್ತದೆ, ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ಕೂರುತ್ತದೆ. ಬೆಳೆಯುವ ಮಗು ತೂಕ ಇಳಿಸಲೇಬೇಕೆಂದೂ ಇಲ್ಲ. ಬಹಳಷ್ಟು ಮಕ್ಕಳಲ್ಲಿ ತೂಕ ಒಂದೆರಡು ವರ್ಷ ಇದ್ದಲ್ಲೇ ನಿಂತರೂ ಸಾಕು, ಎತ್ತರ ಏರಿ ಲೆಕ್ಕ ತಾನಾಗಿ ಸರಿಹೋಗುತ್ತದೆ. ಡಯಟ್ ಚಾರ್ಟ್, ಪ್ರೋಟೀನ್ ಪುಡಿ, ಹದಿಮೂರರ ಹುಡುಗನಿಗೆ ಜಿಮ್ಮಿನ ಸದಸ್ಯತ್ವಕ್ಕಿಂತ ಮನೆಯಲ್ಲಿ ಬಾಟಲಿ ಪಾನೀಯ ತರದಿರುವುದು, ಹತ್ತಕ್ಕೆ ದೀಪ ಆರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಉಳಿದದ್ದು ಮನೆಯವರ ಕೈಯಲ್ಲಿಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತದೆ. ಅನುದಾನರಹಿತ ಖಾಸಗಿ ಶಾಲೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಬೊಜ್ಜು ಎಲ್ಲಿ ಹೆಚ್ಚಿದೆಯೋ ಅಲ್ಲಿ ಅಳೆಯುವವರೇ ಇಲ್ಲ. ಇಂಗ್ಲೆಂಡ್ 2005–06ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರುವಾಗ ಒಮ್ಮೆ, ಬಿಡುವಾಗ ಒಮ್ಮೆ ಮಕ್ಕಳನ್ನು ಅಳೆಯುತ್ತಿದೆ. ಅದರಿಂದಲೇ ಬಡ ಬಡಾವಣೆಗಳ ಪಾಡು ಹೊರಬಂದದ್ದು. ನಮ್ಮಲ್ಲಿ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಎತ್ತರ, ತೂಕ, ಸೊಂಟದಳತೆ ತೆಗೆದು, ಮಾರ್ಕ್ಸ್ ಕಾರ್ಡಿನಲ್ಲಿ ಹಾಕದೆ ಪೋಷಕರಿಗೆ ಗುಟ್ಟಾಗಿ ತಿಳಿಸಿ, ಒಟ್ಟು ಅಂಕಿಯನ್ನು ಆರೋಗ್ಯ ಇಲಾಖೆಗೆ ಕೊಡುವುದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಮೈದಾನದ ವಿಷಯ ಇದಕ್ಕಿಂತ ಕಷ್ಟದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಎಷ್ಟು ದೊಡ್ಡದು ಎಂದಿಲ್ಲ. ಹಾಗಾಗಿ ಎರಡು ಸೈಟು ಸೇರಿಸಿ ಕಟ್ಟಿದ ನಾಲ್ಕಂತಸ್ತಿನ ಶಾಲೆಯ ಮುಂದಿನ ಸಿಮೆಂಟು ಅಂಗಳವೂ ಮೈದಾನ, ಟೆರೇಸೂ ಮೈದಾನ. ಮಾನ್ಯತೆ ನವೀಕರಿಸುವಾಗ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆಯ ಪತ್ರ ಕೇಳುವ ಇಲಾಖೆ ಮಗುವಿಗೆ ತಲಾ ಎಷ್ಟು ಚದರಡಿ ಬಯಲು ಎಂದೂ ಕೇಳಬೇಕು. ಬಯಲಿಲ್ಲದ ಶಾಲೆ ಹತ್ತಿರದ ಸರ್ಕಾರಿ ಶಾಲೆಯ ಅಂಗಳವನ್ನು ಬಾಡಿಗೆಗೆ ಪಡೆಯಲಿ, ಆ ದುಡ್ಡಿನಲ್ಲಿ ಅಲ್ಲಿಗೊಬ್ಬ ಪಿ.ಟಿ. ಮೇಷ್ಟ್ರು ಬರಲಿ. ಸಂಜೆ ಐದರಿಂದ ಏಳರವರೆಗೆ ಅದೇ ಅಂಗಳದ ಗೇಟು ಬಡಾವಣೆಯ ಮಕ್ಕಳಿಗೆಲ್ಲ ತೆರೆದಿರಲಿ, ವಾರದಲ್ಲಿ ಮೂರು ದಿನ ಹುಡುಗಿಯರಿಗೇ ಮೀಸಲಾಗಿರಲಿ. ಬೀಗದ ಕೈ ಯಾರ ಬಳಿ ಇರಬೇಕು, ಕಿಟಕಿ ಗಾಜು ಒಡೆದರೆ ಯಾರು ಕಟ್ಟಿಕೊಡಬೇಕು ಎಂದು ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಜಗಳವಾಗುತ್ತದೆ, ಆಗಲಿ. ಆ ಜಗಳ ಈ ವರ್ಷವೇ ಶುರುವಾಗಬೇಕು.